ಅಳತೆಗೆ ಹೆಸರಾದ ಮಹನೀಯ: ಎಮಿಲ್ ಬೋದೋ

ಲೋಕೋಪಕಾರಿಗಳಾದ ಮಹನೀಯರ ಹೆಸರು ಉಳಿಯುವ ಬಗೆ ಹಲವು. ಕೆಲವರ ಹೆಸರು ಊರಿಗೆ, ಬೀದಿಗೆ, ವಿದ್ಯಾಲಯಕ್ಕೆ ಬಂದು ಉಳಿಯುತ್ತದೆ. ಕೆಲವರದು ಶಿಲಾಶಾಸನದಲ್ಲಿ ನಿಲ್ಲುತ್ತದೆ. ವಿಜ್ಞಾನದ ಕ್ಷೇತ್ರದಲ್ಲಿ ದುಡಿದ ಕೆಲವರಿಗೆ ಇನ್ನೊಂದು ಅಪೂರ್ವವಾದ ಗೌರವ ದೊರೆತಿದೆ. ಅವರ ಹೆಸರೇ ಒಂದು ಅಳತೆಯಾಗಿಬಿಟ್ಟಿದೆ. ವೋಲ್ಟ್, ಆಂಪಿಯರ್, ಓಮ್, ವ್ಯಾಟ್ ಎಂಬ ಮಾತುಗಳು ಇಂದು ವಿದ್ಯುದ್ದೀಪದ ಅಂಗಡಿಯ ಹುಡುಗನ ಬಾಯಲ್ಲಿಯೂ ಸಲೀಸಾಗಿ ಬರುತ್ತವೆ. ಅವು ಒಂದು ಕಾಲಕ್ಕೆ ತಂದೆತಾಯಿಗಳು ತೊಟ್ಟಿಲಲ್ಲಿಟ್ಟು ಕರೆದ ಮನೆತನದ ಹೆಸರುಗಳೆಂಬುದನ್ನು ಮಾತ್ರ ನಾವು ಮರೆತಿದ್ದೇವೆ. ಹಾಗೆ ಮರೆತುಹೋದ ಒಂದು ಹೆಸರನ್ನು ಈ ಸ್ಮರಣ ಸಂಚಿಕೆಯ ಓದುಗರಿಗೆ ನೆನಪಿಸುವುದೇ ಈ ಲೇಖನದ ಉದ್ದೇಶ.

ಭಾಷಾಪಂಡಿತನಾದವನು ಯಂತ್ರಶಾಸ್ತ್ರದ ಗೊಡವೆಗೆ ಬಂದುದೇಕೆಂದು ಸಹೃದಯರು ಕೇಳಬಹುದು. ಅದಕ್ಕೊಂದು ಕಾರಣವಿದೆ. ಒಂದು ದಿನ ನಮ್ಮ ಶಾಲೆಯ ವಿಜ್ಞಾನ ಪ್ರಯೋಗಾಲಯದ ಮುಂದೆ ಹಾದುಹೋಗುತ್ತಿದ್ದಾಗ ಮಕ್ಕಳ ಗುಂಪೊಂದು ಚಿಂತೆಯಲ್ಲಿದ್ದುದನ್ನು ಕಂಡೆನು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ, ಮೈಕ್ರೋಕಂಟ್ರೋಲರ್ ಎಂಬ ಯಂತ್ರವನ್ನು ಅವರು ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿದ್ದರು. ಕೊಠಡಿಯ ಉಷ್ಣತೆ ಎಷ್ಟೆಂಬುದನ್ನು ಚಿಕ್ಕ ಯಂತ್ರವು ದೊಡ್ಡ ಯಂತ್ರಕ್ಕೆ ತಿಳಿಸಬೇಕಾಗಿತ್ತು. ಪರದೆಯ ಮೇಲೆ ಮೂಡಿದುದಾದರೋ ಅರ್ಥವಿಲ್ಲದ ಚಿಹ್ನೆಗಳ ರಾಶಿ. ತಂತಿ ಸರಿಯಿತ್ತು, ಯಂತ್ರಗಳೆರಡೂ ಸರಿಯಿದ್ದವು. ವಿಜ್ಞಾನದ ಉಪಾಧ್ಯಾಯರು ಬಂದು ನೋಡಿ, ಒಂದು ಯಂತ್ರ 9600 ಬಾಡ್ ವೇಗದಲ್ಲಿ ಹೇಳುತ್ತಿದೆ, ಇನ್ನೊಂದು 115200 ಬಾಡ್ ವೇಗದಲ್ಲಿ ಕೇಳುತ್ತಿದೆ ಎಂದು ತಿಳಿಸಿ, ಒಂದೇ ಒಂದು ಅಂಕಿಯನ್ನು ಬದಲಿಸಿದರು. ಮರುಕ್ಷಣದಲ್ಲಿ ಉಷ್ಣತೆಯ ಅಂಕಿಗಳು ಸ್ಪಷ್ಟವಾಗಿ ಮೂಡಿದವು. ಹೇಳುವವನ ಲಯವೂ ಕೇಳುವವನ ಲಯವೂ ಒಂದಾಗದೆ ಅರ್ಥ ಹುಟ್ಟದೆಂಬ ಛಂದಶ್ಶಾಸ್ತ್ರದ ತತ್ತ್ವ ನನಗೆ ಆಗ ನೆನಪಾಯಿತು. ಬಾಡ್ ಎಂಬುದು ಯಾವ ಭಾಷೆಯ ಮಾತು, ಏನು ಅರ್ಥ ಎಂದು ಮಕ್ಕಳನ್ನು ವಿಚಾರಿಸಿದೆನು. ಇಂಗ್ಲಿಷಿನದಿರಬೇಕೆಂದರು. ಅದು ಇಂಗ್ಲಿಷಿನದಲ್ಲ. ಅದು ಫ್ರಾನ್ಸ್ ದೇಶದ ಒಬ್ಬ ರೈತನ ಮಗನ ಹೆಸರು.

ಆ ಮಹನೀಯರ ಪೂರ್ಣ ನಾಮಧೇಯ ಝಾನ್ ಮಾರಿಸ್ ಎಮಿಲ್ ಬೋದೋ. ಅವರು ಜನಿಸಿದ್ದು 1845ನೆಯ ಇಸವಿ ಸೆಪ್ಟೆಂಬರ್ 11ರಂದು, ಫ್ರಾನ್ಸಿನ ಈಶಾನ್ಯ ಭಾಗದ ಓತ್ ಮಾರ್ನ್ ಪ್ರಾಂತದ ಮಾನ್ಯೋ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆಯದು ಬೇಸಾಯ. ಬಾಲಕ ಬೋದೋಗೆ ದೊರೆತ ಶಾಲಾಶಿಕ್ಷಣ ಊರಿನ ಪ್ರಾಥಮಿಕ ಶಾಲೆಯದು ಮಾತ್ರ. ಕಾಲೇಜಿನ ಮೆಟ್ಟಿಲನ್ನು ಅವರು ಹತ್ತಲಿಲ್ಲ. ಯಾವ ಪದವಿಯನ್ನೂ ಪಡೆಯಲಿಲ್ಲ. ಓದು ಮುಗಿದೊಡನೆ ತಂದೆಯ ಹೊಲದಲ್ಲಿ ದುಡಿಮೆಗೆ ನಿಂತರು. ನಮ್ಮ ನಾಡಿನ ಅದೆಷ್ಟೋ ರೈತಮಕ್ಕಳ ಬಾಳಿನ ಕಥೆ ಇಲ್ಲಿಗೇ ನಿಂತುಹೋಗುತ್ತಿತ್ತು. ಬೋದೋ ಅವರ ಕಥೆ ಇಲ್ಲಿಂದಲೇ ಆರಂಭವಾಗುತ್ತದೆ.

ಅದು ತಂತಿವಾರ್ತೆಯು ಜಗತ್ತನ್ನೆಲ್ಲ ಹೆಣೆಯುತ್ತಿದ್ದ ಕಾಲ. ಬೋದೋ ಇನ್ನೂ ಹಳ್ಳಿಯ ಬಾಲಕರಾಗಿದ್ದಾಗಲೇ, 1850ರ ದಶಕದ ಮಧ್ಯಭಾಗದಲ್ಲಿ, ಮುಂಬಯಿಗೂ ಮದ್ರಾಸಿಗೂ ನಡುವಣ ತಂತಿಮಾರ್ಗ ನಮ್ಮ ಬೆಂಗಳೂರನ್ನು ಹಾದುಹೋಗಿತ್ತು. ಫ್ರಾನ್ಸಿನಲ್ಲಿಯೂ ಸರ್ಕಾರದ ತಂತಿ ಇಲಾಖೆ ಊರೂರಿಗೆ ಹಬ್ಬುತ್ತಿತ್ತು; ಅದಕ್ಕೆ ಕೆಲಸಗಾರರು ಬೇಕಾಗಿದ್ದರು. 1869ರಲ್ಲಿ, ತಮ್ಮ 24ನೆಯ ವಯಸ್ಸಿನ ಆಸುಪಾಸಿನಲ್ಲಿ, ಬೋದೋ ಹೊಲವನ್ನು ಬಿಟ್ಟು ತಂತಿ ಇಲಾಖೆಯಲ್ಲಿ ಕಲಿಕೆಯ ನೌಕರರಾಗಿ ಸೇರಿದರು. ಮೊದಲು ಮೋರ್ಸ್ ಪದ್ಧತಿಯ ಯಂತ್ರವನ್ನು ಅಭ್ಯಾಸ ಮಾಡಿದರು. ಅನಂತರ ಪ್ಯಾರಿಸ್ಸಿನಲ್ಲಿ ಹ್ಯೂಸ್ ಎಂಬವರು ನಿರ್ಮಿಸಿದ ಅಚ್ಚೊತ್ತುವ ತಂತಿಯಂತ್ರದ ಶಿಕ್ಷಣವನ್ನು ಕೆಲವು ತಿಂಗಳ ಕಾಲ ಪಡೆದರು.

ಈ ಎರಡು ಯಂತ್ರಗಳ ಗುಣದೋಷಗಳನ್ನು ತಿಳಿಯದೆ ಬೋದೋ ಅವರ ಸಾಧನೆಯ ಬೆಲೆ ತಿಳಿಯದು. ಮೋರ್ಸ್ ಪದ್ಧತಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಹ್ರಸ್ವ ದೀರ್ಘ ಸಂಜ್ಞೆಗಳ ಒಂದೊಂದು ಜೋಡಣೆ. ಹೆಚ್ಚು ಬಳಕೆಯ ಅಕ್ಷರಕ್ಕೆ ಒಂದೇ ಸಂಜ್ಞೆ, ಬಳಕೆ ಕಡಿಮೆಯಾದುದಕ್ಕೆ ನಾಲ್ಕು. ಮನುಷ್ಯನ ಕಿವಿಗೆ ಇದು ಒಗ್ಗುತ್ತದೆ, ಯಂತ್ರಕ್ಕೆ ಒಗ್ಗದು. ಒಂದು ಅಕ್ಷರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಮೊದಲಾಯಿತು ಎಂಬುದನ್ನು ಜಡವಾದ ಯಂತ್ರ ಅರಿಯುವುದು ಕಷ್ಟ. ಹ್ಯೂಸ್ ಯಂತ್ರದಲ್ಲಿಯಾದರೋ ಎರಡೂ ಊರುಗಳಲ್ಲಿ ಅಕ್ಷರಗಳನ್ನು ಕೆತ್ತಿದ ಚಕ್ರಗಳು ಒಂದೇ ವೇಗದಲ್ಲಿ ತಿರುಗುತ್ತಿರುತ್ತವೆ. ಬೇಕಾದ ಅಕ್ಷರ ಕೆಳಗೆ ಬಂದ ಕ್ಷಣದಲ್ಲಿ ಒಂದು ವಿದ್ಯುತ್ಸ್ಪಂದನ ಹೊರಟು, ಆಚೆಯ ಊರಿನ ಚಕ್ರ ಅದೇ ಅಕ್ಷರವನ್ನು ಕಾಗದದ ಮೇಲೆ ಒತ್ತುತ್ತದೆ. ಯುಕ್ತಿ ಸೊಗಸಾದುದು. ಆದರೆ ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ, ಚಕ್ರ ತಿರುಗುವಷ್ಟು ಕಾಲವೂ, ನೂರಾರು ಮೈಲಿಯ ತಂತಿ ಬರಿದೇ ಬಿದ್ದಿರುತ್ತದೆ. ಪ್ರತಿದಿನ ಆ ಯಂತ್ರದ ಮುಂದೆ ಕುಳಿತು ದುಡಿಯುತ್ತಿದ್ದ ಬೋದೋ ಅವರ ಕಣ್ಣಿಗೆ ಬಿದ್ದದ್ದು ಈ ಬರಿದಾದ ಕಾಲ. ನೀರಿನ ಕಾಲುವೆ ಸುಮ್ಮನೆ ಹರಿದುಹೋಗುವುದನ್ನು ಒಕ್ಕಲಿಗನ ಮನಸ್ಸು ಸಹಿಸದು. ತಂತಿಯ ಕಾಲ ವ್ಯರ್ಥವಾಗಿ ಹರಿದುಹೋಗುವುದನ್ನು ಈ ಒಕ್ಕಲಿಗನ ಮಗನೂ ಸಹಿಸಲಿಲ್ಲ.

1870ರಲ್ಲಿ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧ ಒದಗಿತು. ಬೋದೋ ಅಲ್ಪಕಾಲ ಸೈನ್ಯದ ಸೇವೆಗೆ ಹೋಗಿಬಂದರು. 1872ರಲ್ಲಿ ಪ್ಯಾರಿಸ್ಸಿಗೆ ಮರಳಿ ಇಲಾಖೆಯ ಕೆಲಸಕ್ಕೆ ನಿಂತಾಗ, ಒಂದೇ ತಂತಿಯ ಮೇಲೆ ಹಲವರ ಸಂದೇಶಗಳನ್ನು ಸರದಿಯಾಗಿ ಕಳುಹಿಸುವ ಉಪಾಯವನ್ನು ಹುಡುಕತೊಡಗಿದರು. ಇಲಾಖೆಯವರು ಪ್ರೋತ್ಸಾಹದ ಮಾತನ್ನಾಡಿದರು; ಆದರೆ ಪ್ರಯೋಗವನ್ನು ಕೆಲಸದ ವೇಳೆಯ ಹೊರಗೆ ನಡೆಸಿಕೊಳ್ಳಬೇಕಾಯಿತು. ಹಗಲೆಲ್ಲ ಪರರ ಸಂದೇಶಗಳನ್ನು ಕಳುಹಿಸಿ ದಣಿದ ಕೈಗಳು ವಿರಾಮದ ವೇಳೆಯಲ್ಲಿ ಚಕ್ರಗಳನ್ನೂ ತಂತಿಗಳನ್ನೂ ಜೋಡಿಸಿದವು. ವಿದ್ಯುತ್ತಿನ ಶಾಸ್ತ್ರವನ್ನೂ ಯಂತ್ರರಚನೆಯನ್ನೂ ಅವರು ಬಹುಮಟ್ಟಿಗೆ ತಾವಾಗಿಯೇ ಕಲಿತುಕೊಂಡರು. 1874ನೆಯ ಇಸವಿ ಜೂನ್ 17ರಂದು ಶೀಘ್ರ ತಂತಿವಾರ್ತೆಯ ತಮ್ಮ ಪದ್ಧತಿಗೆ ಮೊದಲ ಪೇಟೆಂಟನ್ನು ಪಡೆದರು. ಮುಂದಿನ ಎರಡು ವರ್ಷಗಳಲ್ಲಿ ಅದನ್ನು ತಿದ್ದಿ, ಪ್ರತಿಯೊಂದು ಅಕ್ಷರಕ್ಕೂ ಐದೇ ಸ್ಥಾನಗಳ ಸಂಕೇತವನ್ನು ಸ್ಥಿರಪಡಿಸಿದರು.

ಈ ಐದು ಸ್ಥಾನಗಳ ಮಹಿಮೆಯನ್ನು ನಮ್ಮವರಿಗೆ ವಿವರಿಸುವುದು ಬಹು ಸುಲಭ. ಛಂದಸ್ಸನ್ನು ಓದಿದವರೆಲ್ಲರೂ ಪ್ರಸ್ತಾರವನ್ನು ಬಲ್ಲರು. ಒಂದು ಸ್ಥಾನದಲ್ಲಿ ಲಘು ಅಥವಾ ಗುರು ಎಂದು ಎರಡೇ ಬಗೆ. ಎರಡು ಸ್ಥಾನಗಳಾದರೆ ನಾಲ್ಕು, ಮೂರಾದರೆ ಎಂಟು. ಈ ಎಂಟೇ ನಮ್ಮ ಯಗಣ ಮಗಣಾದಿ ಅಕ್ಷರಗಣಗಳು. ನಾಲ್ಕು ಸ್ಥಾನಗಳಿಗೆ ಹದಿನಾರು. ಐದು ಸ್ಥಾನಗಳ ಸುಪ್ರತಿಷ್ಠೆಯೆಂಬ ಛಂದಸ್ಸಿನಲ್ಲಿ ಹುಟ್ಟುವ ವೃತ್ತಗಳು 32. ಈ ಎಣಿಕೆಯನ್ನು ಪಿಂಗಳಾಚಾರ್ಯನು ಎರಡು ಸಾವಿರ ವರ್ಷಗಳ ಹಿಂದೆಯೇ ಸೂತ್ರಗಳಲ್ಲಿ ಹೇಳಿದನು. ಕನ್ನಡದಲ್ಲಿ ನಾಗವರ್ಮನು ಛಂದೋಂಬುಧಿಯಲ್ಲಿ ಪ್ರಸ್ತಾರಾದಿಗಳನ್ನು ವಿವರಿಸಿದನು. ಬೋದೋ ಅವರ ಸಂಕೇತವೂ ಐದು ಸ್ಥಾನಗಳ ಪ್ರಸ್ತಾರವೇ. ಲಘುಗುರುಗಳ ಸ್ಥಾನದಲ್ಲಿ ಅಲ್ಲಿ ವಿದ್ಯುತ್ತಿನ ಎರಡು ಸ್ಥಿತಿಗಳಿವೆ. ಒಂದು ಭೇದವನ್ನು ಮಾತ್ರ ಗಮನಿಸಬೇಕು. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು ಮಾತ್ರೆ ಎಂಬ ಕಾಲಭೇದ ಬೋದೋ ಪದ್ಧತಿಯಲ್ಲಿಲ್ಲ. ಎರಡು ಸ್ಥಿತಿಗಳಿಗೂ ಸಮನಾದ ಕಾಲ. ಎಲ್ಲ ಅಕ್ಷರಗಳಿಗೂ ಸಮನಾದ ಐದು ಘಟಕ. ಮೋರ್ಸ್ ಪದ್ಧತಿಯಲ್ಲಿ ಯಂತ್ರವನ್ನು ಕಾಡಿದ ಗೊಂದಲ ಈ ಸಮತೆಯಿಂದಲೇ ನೀಗಿತು. ಐದೈದಾಗಿ ಎಣಿಸಿದರೆ ಸಾಕು, ಅಕ್ಷರ ತಾನಾಗಿ ಬಿಡಿಸಿಕೊಳ್ಳುತ್ತದೆ.

ರೋಮನ್ ಅಕ್ಷರಗಳು 26. ಅಂಕಿಗಳಿಗೂ ವಿರಾಮಚಿಹ್ನೆಗಳಿಗೂ 32ರಲ್ಲಿ ಸ್ಥಳ ಸಾಲದು. ಅದಕ್ಕಾಗಿ ಬೋದೋ ಎರಡು ಸಂಕೇತಗಳನ್ನು ಮೀಸಲಿಟ್ಟರು. ಒಂದನ್ನು ಕಳುಹಿಸಿದರೆ ಮುಂದೆ ಬರುವುದೆಲ್ಲ ಅಕ್ಷರ, ಇನ್ನೊಂದನ್ನು ಕಳುಹಿಸಿದರೆ ಮುಂದೆ ಬರುವುದೆಲ್ಲ ಅಂಕಿ ಮತ್ತು ಚಿಹ್ನೆ. ಹೀಗೆ ಒಂದೇ ಮನೆಯಲ್ಲಿ ಎರಡು ಸಂಸಾರಗಳು ಸುಖವಾಗಿ ಬಾಳಿದವು.

ಸಂಕೇತದಷ್ಟೇ ಮುಖ್ಯವಾದುದು ಅವರ ವಿತರಣಚಕ್ರ. ಒಂದು ವೃತ್ತಾಕಾರದ ಫಲಕವನ್ನು ಹಲವು ಭಾಗಗಳಾಗಿ ವಿಂಗಡಿಸಿ, ಒಂದೊಂದು ಭಾಗವನ್ನು ಒಬ್ಬೊಬ್ಬ ತಂತಿಗಾರನಿಗೆ ಕೊಡಲಾಯಿತು. ಫಲಕದ ಮೇಲೆ ತಿರುಗುವ ಲೋಹದ ಕುಂಚ ಒಬ್ಬೊಬ್ಬನ ಭಾಗವನ್ನು ಮುಟ್ಟಿದಾಗ ಆತನ ಐದು ಸಂಜ್ಞೆಗಳು ಒಂದರ ಹಿಂದೆ ಒಂದಾಗಿ ತಂತಿಗೆ ಇಳಿಯುತ್ತಿದ್ದವು. ಆಚೆಯ ಊರಿನಲ್ಲಿಯೂ ಅಂಥದೇ ಚಕ್ರ, ಅದೇ ವೇಗ. ನಾಲ್ವರು ಅಥವಾ ಆರು ಮಂದಿ ಒಂದೇ ತಂತಿಯನ್ನು ಹಂಚಿಕೊಂಡು ದುಡಿಯುವುದು ಇದರಿಂದ ಸಾಧ್ಯವಾಯಿತು. ದಾಸೋಹದ ಪಂಕ್ತಿಯಲ್ಲಿ ಬಡಿಸುವವರು ಸರದಿಯಂತೆ ಒಂದೊಂದು ಎಲೆಯ ಮುಂದೆ ನಿಂತು ಮುಂದೆ ಸಾಗುವಂತೆ, ಕಾಲವು ಒಬ್ಬೊಬ್ಬರ ಮುಂದೆ ಒಂದು ಕ್ಷಣ ನಿಂತು ಮುಂದೆ ಸಾಗುತ್ತಿತ್ತು. ಯಾರ ಎಲೆಯೂ ತಪ್ಪದು.

ತಂತಿಗಾರನ ಮುಂದೆ ಇದ್ದುದು ಐದೇ ಕೀಲಿಗಳ ಫಲಕ. ಎಡಗೈಗೆ ಎರಡು, ಬಲಗೈಗೆ ಮೂರು. ಬೇಕಾದ ಕೀಲಿಗಳನ್ನು ಒಟ್ಟಿಗೆ ಒತ್ತಿ ಹಿಡಿಯಬೇಕು. ತನ್ನ ಸರದಿ ಮುಗಿದು ಕೀಲಿಗಳು ಸಡಿಲವಾದೊಡನೆ ಯಂತ್ರ ಟಕ್ ಎಂದು ಸದ್ದು ಮಾಡುತ್ತದೆ. ಆ ಸದ್ದನ್ನೇ ತಾಳವಾಗಿ ಹಿಡಿದು ಮುಂದಿನ ಅಕ್ಷರಕ್ಕೆ ಬೆರಳನ್ನು ಅಣಿಮಾಡಬೇಕು. ಅವಸರವೂ ಸಲ್ಲದು, ಆಲಸ್ಯವೂ ಸಲ್ಲದು. ನಿಮಿಷಕ್ಕೆ ಸುಮಾರು 30 ಪದಗಳು ಸಾಮಾನ್ಯವಾದ ವೇಗ. ಗಮಕಿಗಳ ಲಯಜ್ಞಾನದಂಥ ಒಂದು ಲಯಜ್ಞಾನವಿಲ್ಲದೆ ಬೋದೋ ತಂತಿಗಾರನಾಗುವುದು ಸಾಧ್ಯವಿರಲಿಲ್ಲ.

1877ನೆಯ ಇಸವಿ ನವೆಂಬರ್ ತಿಂಗಳಿನಲ್ಲಿ ಪ್ಯಾರಿಸ್ಸಿಗೂ ಬೋರ್ಡೋ ನಗರಕ್ಕೂ ನಡುವೆ ಈ ಯಂತ್ರದ ಪರೀಕ್ಷೆ ನಡೆಯಿತು. ಅದೇ ವರ್ಷ ಮುಗಿಯುವುದರೊಳಗೆ ಪ್ಯಾರಿಸ್ಸಿನಿಂದ ರೋಮ್ ನಗರದವರೆಗೆ, ಸುಮಾರು 1700 ಕಿಲೋಮೀಟರ್ ದೂರ, ಸಂದೇಶಗಳು ಹರಿದಾಡಿದವು. 1878ರಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಮಹಾಪ್ರದರ್ಶನದಲ್ಲಿ ಯಂತ್ರಕ್ಕೆ ಸುವರ್ಣ ಪದಕ ದೊರೆಯಿತು. ಫ್ರಾನ್ಸ್ ಸರ್ಕಾರದ ಶ್ರೇಷ್ಠ ಗೌರವವಾದ ಲೆಜಿಯಾನ್ ದಾನರ್ ಪ್ರಶಸ್ತಿಯೂ ಬಂದಿತು. ಪ್ರಾಥಮಿಕ ಶಾಲೆಯ ಓದಿನ ಈ ನೌಕರರು 1880ರ ದಶಕದ ಆರಂಭದಲ್ಲಿ ಇಲಾಖೆಯ ಎಂಜಿನಿಯರರ ಪದವಿಗೆ ಏರಿದರು.

ಕೀರ್ತಿಯ ಬೆನ್ನಿಗೇ ಕಷ್ಟವೂ ಬಂದಿತು. ಚರಿತ್ರೆಯನ್ನು ಬರೆಯುವವನು ಅದನ್ನು ಮುಚ್ಚಿಡಬಾರದು. ಮಿಮೋ ಎಂಬ ಇನ್ನೊಬ್ಬ ಫ್ರೆಂಚ್ ತಂತಿತಜ್ಞನು ಐದು ಸ್ಥಾನಗಳ ಸಂಕೇತ ಮೊದಲು ತನಗೆ ಹೊಳೆದುದೆಂದು 1877ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದನು. 1874ರಲ್ಲಿ ಆತನೂ ಒಂದು ಪೇಟೆಂಟನ್ನು ಪಡೆದಿದ್ದನು. ಮೊದಲಿನ ತೀರ್ಪು ಆತನ ಪರವಾಗಿಯೇ ಬಂದಿತು. ಅನಂತರ ಅದು ರದ್ದಾಯಿತು. ನಿರಾಶೆ ಆತನ ಬುದ್ಧಿಯನ್ನು ಕೆಡಿಸಿತು. 1888ರಲ್ಲಿ ಆತನು ತಂತಿ ಇಲಾಖೆಯ ಹಿರಿಯ ಅಧಿಕಾರಿ ರೇನೋ ಅವರನ್ನು ಗುಂಡಿಕ್ಕಿ ಕೊಂದು, ಕಠಿಣ ಶಿಕ್ಷೆಗೆ ಗುರಿಯಾದನು. ವಿದ್ಯೆಯ ಋಣವನ್ನು ಹಂಚಿಕೊಳ್ಳಲಾರದೆ ಒಬ್ಬರ ಪ್ರಾಣ ಹೋಗಿ, ಇನ್ನೊಬ್ಬರ ಬಾಳು ಹಾಳಾದ ಈ ಪ್ರಸಂಗ ಓದುಗರ ಮನಸ್ಸನ್ನು ಕಲಕದೆ ಇರದು.

ಹಾಗಾದರೆ ಈ ಸಂಕೇತ ಯಾರದು? ನಿಷ್ಪಕ್ಷಪಾತವಾಗಿ ನೋಡಿದರೆ ಬೋದೋ ಅವರೊಬ್ಬರದೇ ಎನ್ನಲಾಗದು, ಮಿಮೋನದೂ ಎನ್ನಲಾಗದು. ಜರ್ಮನಿಯ ಗೌಸ್ ಮತ್ತು ವೇಬರ್ ಎಂಬ ಪಂಡಿತರು 1830ರ ದಶಕದಲ್ಲಿಯೇ ಐದು ಘಟಕಗಳ ಸಂಕೇತವನ್ನು ಆಲೋಚಿಸಿದ್ದರು. ಅದಕ್ಕೂ ಎರಡು ಶತಮಾನಗಳ ಹಿಂದೆ ಇಂಗ್ಲೆಂಡಿನ ಬೇಕನ್ ಎಂಬ ತತ್ತ್ವಜ್ಞನು ಎರಡೇ ಚಿಹ್ನೆಗಳನ್ನು ಐದೈದಾಗಿ ಜೋಡಿಸಿ ಗುಪ್ತಲಿಪಿಯನ್ನು ರಚಿಸಿದ್ದನು. ಎಣಿಕೆಯ ತತ್ತ್ವವಂತೂ ಪಿಂಗಳನದೇ. ಅಚ್ಚೊತ್ತುವ ಕಲೆ ಹ್ಯೂಸರದು. ತಂತಿಯ ಕಾಲವನ್ನು ಹಂಚುವ ಚಕ್ರವನ್ನು ಮೇಯರ್ ಎಂಬವರು ಮೊದಲೇ ಪ್ರಯತ್ನಿಸಿದ್ದರು. ಇವೆಲ್ಲವನ್ನೂ ಒಂದುಗೂಡಿಸಿ, ವರ್ಷಗಟ್ಟಲೆ ತಿದ್ದಿ ತೀಡಿ, ನೂರಾರು ಮೈಲಿಯ ತಂತಿಯ ಮೇಲೆ ದಿನವೂ ತಪ್ಪದೆ ನಡೆಯುವಂತೆ ಮಾಡಿದವರು ಬೋದೋ. ಹೊಳೆದ ವಿಚಾರ ಒಂದು ಬೀಜ. ಅದನ್ನು ಬೆಳೆಯಾಗಿ ಮನೆಗೆ ತರುವವನ ಬೆವರು ಬೇರೆ. ಅರಿವು ಆಚರಣೆಗೆ ಬಂದಾಗಲೇ ಕಾಯಕವೆನಿಸುವುದೆಂಬ ಶರಣರ ದೃಷ್ಟಿಗೆ ಬೋದೋ ಅವರ ಬಾಳು ಒಳ್ಳೆಯ ನಿದರ್ಶನ.

ಅವರ ಖಾಸಗಿ ಬದುಕಿನಲ್ಲಿ ಸುಖ ವಿರಳ. ಆರೋಗ್ಯ ಕೆಟ್ಟು, ಆಗಾಗ್ಗೆ ಕೆಲಸಕ್ಕೆ ಹೋಗಲಾರದಷ್ಟು ಬಳಲುತ್ತಿದ್ದರು. 1890ರಲ್ಲಿ, 44ರ ವಯಸ್ಸಿನಲ್ಲಿ, ವಿವಾಹವಾದರು. ಮೂರು ತಿಂಗಳು ಕಳೆಯುವುದರೊಳಗೆ, ಆ ವರ್ಷದ ಏಪ್ರಿಲ್ ತಿಂಗಳಿನಲ್ಲಿ, ಪತ್ನಿ ತೀರಿಕೊಂಡರು. ಮುಂದಿನ 13 ವರ್ಷ ರೋಗವನ್ನೂ ಶೋಕವನ್ನೂ ಹೊತ್ತುಕೊಂಡೇ ಯಂತ್ರದ ಸುಧಾರಣೆಯಲ್ಲಿ ತೊಡಗಿದ್ದರು. 1903ನೆಯ ಇಸವಿ ಮಾರ್ಚ್ 28ರಂದು, ಪ್ಯಾರಿಸ್ಸಿನ ಸಮೀಪದ ಸೋ ಎಂಬ ಊರಿನಲ್ಲಿ, 57ನೆಯ ವಯಸ್ಸಿನಲ್ಲಿ ಬೋದೋ ಇಹಲೋಕವನ್ನು ತ್ಯಜಿಸಿದರು.

ಕಾಯ ಅಳಿದ ಮೇಲೆ ಕೀರ್ತಿ ಬೆಳೆಯಿತು. ಬೋದೋ ಯಂತ್ರಗಳು ಯುರೋಪಿನ ಹಲವು ದೇಶಗಳನ್ನು ಸೇರಿದವು. 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಭಾರತದ ತಂತಿ ಇಲಾಖೆಯೂ ತನ್ನ ದೊಡ್ಡ ಮಾರ್ಗಗಳಲ್ಲಿ ಅವನ್ನು ಬಳಸಿತು. ನ್ಯೂಜಿಲೆಂಡಿನ ಡೊನಾಲ್ಡ್ ಮರೆ ಎಂಬವರು ಸಂಕೇತವನ್ನು ತಿದ್ದಿ ಬೆರಳಚ್ಚು ಯಂತ್ರದ ಕೀಲಿಮಣೆಗೆ ಹೊಂದಿಸಿದರು. ಅದರಿಂದ ತಾಳ ಹಿಡಿಯುವ ಶ್ರಮ ತಂತಿಗಾರನಿಗೆ ತಪ್ಪಿತು. ಹೀಗೆ ರೂಪುಗೊಂಡುದೇ ಟೆಲಿಪ್ರಿಂಟರ್. 1960ರಲ್ಲಿ ಮದ್ರಾಸಿನಲ್ಲಿ ಹಿಂದೂಸ್ತಾನ್ ಟೆಲಿಪ್ರಿಂಟರ್ಸ್ ಸಂಸ್ಥೆ ಸ್ಥಾಪನೆಯಾಗಿ, ಈ ಯಂತ್ರಗಳು ನಮ್ಮ ದೇಶದಲ್ಲಿಯೇ ತಯಾರಾದವು. ಪತ್ರಿಕಾಲಯಗಳಲ್ಲಿ ಟಕಟಕ ಸದ್ದಿನೊಡನೆ ಸುದ್ದಿಯನ್ನು ಕಕ್ಕುತ್ತಿದ್ದ ಯಂತ್ರವನ್ನು ಹಿರಿಯರು ನೋಡಿರಬಹುದು. 1920ರ ದಶಕದಲ್ಲಿ ಅಂತರರಾಷ್ಟ್ರೀಯ ತಂತಿತಜ್ಞರು ಸಂಜ್ಞೆಗಳ ವೇಗವನ್ನು ಅಳೆಯುವ ಮಾನಕ್ಕೆ ಬಾಡ್ ಎಂದು ಹೆಸರಿಟ್ಟರು. ಸೆಕೆಂಡಿಗೆ ಒಂದು ಸಂಜ್ಞಾಘಟಕ ಸಾಗಿದರೆ ಒಂದು ಬಾಡ್. 1949ರಲ್ಲಿ ಫ್ರಾನ್ಸಿನ ಅಂಚೆ ಇಲಾಖೆ ಅವರ ಭಾವಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು. ಭಾರತದಲ್ಲಿ ತಂತಿ ಸೇವೆ 2013ನೆಯ ಇಸವಿ ಜುಲೈ ತಿಂಗಳಿನಲ್ಲಿ ನಿಂತುಹೋಯಿತು. ಬಾಡ್ ಎಂಬ ಮಾತು ನಿಲ್ಲಲಿಲ್ಲ.

ಇನ್ನು ನಮ್ಮ ರಾಮಮೂರ್ತಿ ನಗರದ ಪರಿಸರಕ್ಕೂ ಈ ವಿಷಯಕ್ಕೂ ಇರುವ ನಂಟನ್ನು ಹೇಳಬೇಕು. ನಮ್ಮ ನೆರೆಯಲ್ಲಿರುವ ದೂರವಾಣಿ ನಗರದಲ್ಲಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಸ್ಥಾಪನೆಯಾಯಿತು. ಐಟಿಐ ಎಂದರೆ ಈ ಭಾಗದ ಆಬಾಲವೃದ್ಧರೂ ಬಲ್ಲರು. ಅಲ್ಲಿ ತಯಾರಾದ ದೂರವಾಣಿಯ ಮುಖದ ಮೇಲೆ ಹತ್ತು ರಂಧ್ರಗಳ ಚಕ್ರವೊಂದಿರುತ್ತಿತ್ತು. ಮೂರಕ್ಕೆ ಬೆರಳಿಟ್ಟು ತಿರುಗಿಸಿ ಬಿಟ್ಟರೆ ಮೂರು ಸ್ಪಂದನ, ಸೊನ್ನೆಗೆ ಹತ್ತು. ಸೆಕೆಂಡಿಗೆ ಸುಮಾರು ಹತ್ತರಂತೆ ಒಂದರ ಹಿಂದೆ ಒಂದು ವಿನಿಮಯ ಕೇಂದ್ರಕ್ಕೆ ಸಾಗುತ್ತಿದ್ದವು. ಎರಡೇ ಎಳೆಯ ತಂತಿಯ ಮೇಲೆ ಸರದಿಯಾಗಿ ಸಂಜ್ಞೆಗಳನ್ನು ಕಳುಹಿಸುವ ವಿದ್ಯೆ ಹೀಗೆ ಈ ಭಾಗದ ಎಷ್ಟೋ ಮನೆಗಳ ಅನ್ನಕ್ಕೆ ಆಧಾರವಾಗಿತ್ತು. ಇಂದು ಅವರ ಮೊಮ್ಮಕ್ಕಳು ಮೈಕ್ರೋಕಂಟ್ರೋಲರನ್ನು ಕಂಪ್ಯೂಟರಿಗೆ ಜೋಡಿಸುವಾಗ ನಡೆಯುವುದೂ ತತ್ತ್ವತಃ ಅದೇ.

ಆ ಜೋಡಣೆಯನ್ನು ಉಪಾಧ್ಯಾಯರಿಂದ ಕೇಳಿ ತಿಳಿದಷ್ಟನ್ನು ಇಲ್ಲಿ ಸಂಗ್ರಹಿಸುತ್ತೇನೆ. ಒಂದು ಯಂತ್ರದ ಹೇಳುವ ತಂತಿ ಇನ್ನೊಂದರ ಕೇಳುವ ತಂತಿಗೆ ಸೇರಬೇಕು. ಬಾಯಿ ಕಿವಿಗೆ, ಕಿವಿ ಬಾಯಿಗೆ. ಬಾಯಿಯನ್ನು ಬಾಯಿಗೆ ಜೋಡಿಸಿದರೆ ಇಬ್ಬರೂ ಹೇಳುವರು, ಕೇಳುವವರಿಲ್ಲ. ಎರಡಕ್ಕೂ ಸಮಾನವಾದ ಮೂರನೆಯ ನೆಲತಂತಿ ಬೇಕು. ಸಂಜ್ಞೆಯ ಏರಿಳಿತವನ್ನು ಅಳೆಯಲು ಅದೇ ನೆಲೆ. ಹೇಳುವುದೇನೂ ಇಲ್ಲದಾಗ ತಂತಿಯು ಮೇಲಿನ ಸ್ಥಿತಿಯಲ್ಲಿರುತ್ತದೆ. ಅಕ್ಷರ ಬರುವ ಮುನ್ನ ಒಂದು ಘಟಕದ ಕಾಲ ಕೆಳಗಿಳಿಯುತ್ತದೆ. ಇದು ಆರಂಭದ ಸೂಚನೆ. ಅನಂತರ ಎಂಟು ಘಟಕಗಳು, ಕೊನೆಗೆ ಒಂದು ಮುಕ್ತಾಯದ ಘಟಕ. ಒಟ್ಟು ಹತ್ತು. 9600 ಬಾಡ್ ವೇಗದಲ್ಲಿ ಒಂದು ಘಟಕಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ 104 ಭಾಗ ಮಾತ್ರ ಕಾಲ. ಎರಡೂ ಯಂತ್ರಗಳ ಗಡಿಯಾರಗಳಲ್ಲಿ ನೂರಕ್ಕೆ ಐದರಷ್ಟು ಭೇದ ಬಂದರೆ ಸಾಕು, ಕೊನೆಯ ಘಟಕಗಳನ್ನು ಓದುವ ವೇಳೆಗೆ ಕೇಳುವ ಯಂತ್ರ ಎಡವುತ್ತದೆ. ಅಂದು ನಮ್ಮ ಮಕ್ಕಳ ಪರದೆಯ ಮೇಲೆ ಕಂಡ ಗೊಂದಲಕ್ಕೆ ಇದೇ ಕಾರಣ. ನಾಲ್ವರು ಬೋದೋ ತಂತಿಗಾರರು ಕೂಡಿ ಕಳುಹಿಸುತ್ತಿದ್ದುದು ಸೆಕೆಂಡಿಗೆ ಸುಮಾರು 60 ಘಟಕ. ಈಗಿನ 9600 ಅದರ 160ರಷ್ಟು. ವೇಗ ಬೆಳೆದಿದೆ; ಹೇಳುವವನೂ ಕೇಳುವವನೂ ಮೊದಲೇ ಒಪ್ಪಿಕೊಂಡ ಲಯಕ್ಕೆ ಬದ್ಧರಾಗಿರಬೇಕೆಂಬ ನಿಯಮ ಮಾತ್ರ ಹಾಗೆಯೇ ಇದೆ.

ಕನ್ನಡದ ಸೇವಕನಾದ ನನಗೆ ಇಲ್ಲಿ ಇನ್ನೊಂದು ಮಾತು ತೋರುತ್ತದೆ. ಕೇಶಿರಾಜನ ಎಣಿಕೆಯಂತೆ ಕನ್ನಡದ ಶುದ್ಧಾಕ್ಷರಗಳು 47. ಬೋದೋ ಅವರ 32 ಮನೆಗಳಲ್ಲಿ ಅವಕ್ಕೆ ಸ್ಥಳವಿರಲಿಲ್ಲ. ಕನ್ನಡಿಗನು ತನ್ನ ಮನೆಯ ಜನನ ಮರಣಗಳ ಸುದ್ದಿಯನ್ನೂ ತಂತಿಯಲ್ಲಿ ಪರಲಿಪಿಯಲ್ಲಿಯೇ ಕಳುಹಿಸಬೇಕಾಗುತ್ತಿತ್ತು. ಅದು ಬೋದೋ ಅವರ ದೋಷವಲ್ಲ. ಅವರು ತಮ್ಮ ಜನರಿಗಾಗಿ ತಮ್ಮ ಭಾಷೆಯಲ್ಲಿ ದುಡಿದರು. 1963ರಲ್ಲಿ ಅಮೆರಿಕೆಯಲ್ಲಿ ಏಳು ಸ್ಥಾನಗಳ ಸಂಕೇತ ಪ್ರಕಟವಾಯಿತು; ಅದರಲ್ಲಿಯೂ ಕನ್ನಡಕ್ಕೆ ಎಡೆಯಿರಲಿಲ್ಲ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಸರ್ವಲಿಪಿ ಸಂಕೇತದಲ್ಲಿ ಕನ್ನಡಕ್ಕೆ ತನ್ನದೇ ಆದ ಸ್ಥಾನ ದೊರೆಯಿತು. ಇಂದು ಬಳಕೆಯಲ್ಲಿರುವ ರೀತಿಯಂತೆ ಕ ಎಂಬ ಒಂದಕ್ಷರ ಎಂಟೆಂಟು ಘಟಕಗಳ ಮೂರು ಗುಂಪುಗಳಾಗಿ ಸಾಗುತ್ತದೆ. ಆರಂಭ ಮುಕ್ತಾಯಗಳನ್ನು ಸೇರಿಸಿದರೆ 30 ಘಟಕ. 9600 ಬಾಡ್ ವೇಗದಲ್ಲಿ ಸೆಕೆಂಡಿಗೆ ಅಂಥ 320 ಅಕ್ಷರಗಳು ಸಾಗಬಲ್ಲವು. ಹೀಗೆ ಬೋದೋ ಅವರ ಲಯದ ಮೇಲೆಯೇ ಕನ್ನಡ ಇಂದು ತಂತಿಯಲ್ಲಿ ನಡೆಯುತ್ತಿದೆ. ನಮ್ಮ ಮಕ್ಕಳ ಚಿಕ್ಕ ಯಂತ್ರ ಉಷ್ಣತೆ ಎಂಬ ಮಾತನ್ನು ಕನ್ನಡದಲ್ಲಿಯೇ ಪರದೆಗೆ ಕಳುಹಿಸಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಈ ಚರಿತ್ರೆಯನ್ನು ಶಾಲೆಯ ಸಂಚಿಕೆಯಲ್ಲಿ ಬರೆಯುವುದಕ್ಕೆ ಕೊನೆಯದಾಗಿ ಒಂದು ಕಾರಣವನ್ನು ನಿವೇದಿಸುತ್ತೇನೆ. ಮಾನ್ಯೋ ಗ್ರಾಮದ ಆ ಪ್ರಾಥಮಿಕ ಶಾಲೆಯ ಉಪಾಧ್ಯಾಯರ ಹೆಸರನ್ನು ಇಂದು ಯಾರೂ ಸ್ಮರಿಸುವುದಿಲ್ಲ. ಓದು ಬರಹ, ಕೂಡುವುದು ಕಳೆಯುವುದು, ಇಷ್ಟನ್ನು ಅವರು ಒಬ್ಬ ರೈತನ ಮಗನಿಗೆ ಹೇಳಿಕೊಟ್ಟರು. ಆ ಬುನಾದಿ ಗಟ್ಟಿಯಾಗಿದ್ದುದರಿಂದಲೇ ಮುಂದೆ ಆತನು ಯಾರ ಹಂಗೂ ಇಲ್ಲದೆ ತಾನಾಗಿ ಕಲಿಯಬಲ್ಲವನಾದನು. ಮಠದ ನೆರಳಿನಲ್ಲಿ ಅನ್ನ, ಅಕ್ಷರ, ಆಶ್ರಯಗಳನ್ನು ಪಡೆಯುತ್ತಿರುವ ನಮ್ಮ ಮಕ್ಕಳಲ್ಲಿ ಹಲವರು ಅಂಥ ಮನೆಗಳಿಂದಲೇ ಬಂದವರು. ಎಲ್ಲರೂ ಉನ್ನತ ವಿದ್ಯಾಲಯಗಳನ್ನು ಮುಟ್ಟಲಾರರು. ಕೆಲವರು ಹತ್ತನೆಯ ತರಗತಿಯ ಅನಂತರ ದುಡಿಮೆಗೆ ಇಳಿಯುವರು. ಅವರನ್ನು ವಿದ್ಯೆಯಿಂದ ಹೊರಗಾದವರೆಂದು ನಾವು ಲೆಕ್ಕದಿಂದ ಬಿಟ್ಟುಬಿಡಬಾರದು. ಪ್ರಯೋಗಾಲಯಕ್ಕೆ ದಾನಿಗಳು ಕೊಟ್ಟ ಒಂದು ಪುಟ್ಟ ಯಂತ್ರ, ಉಪಾಧ್ಯಾಯರು ಶಾಲೆಯ ವೇಳೆ ಮುಗಿದ ಮೇಲೂ ನಿಂತು ಕೊಟ್ಟ ಅರ್ಧ ಗಂಟೆ, ಹಳೆಯ ವಿದ್ಯಾರ್ಥಿಗಳು ಬಂದು ತೋರಿಸಿದ ಒಂದು ಕೈಚಳಕ, ಇವು ಯಾವ ಮಗುವಿನಲ್ಲಿ ಯಾವಾಗ ಫಲಿಸುವುದೆಂದು ಬಲ್ಲವರಾರು?

ಮುಂದೆ ನಮ್ಮ ಮಕ್ಕಳು ತಂತಿಯನ್ನು ಜೋಡಿಸಿ, ವೇಗವನ್ನು ಆರಿಸುವಾಗ ಬಾಡ್ ಎಂಬ ಮಾತನ್ನು ಕಂಡರೆ, ದಣಿದ ಕೈಗಳಿಂದ ವಿರಾಮದ ವೇಳೆಯಲ್ಲಿ ಚಕ್ರಗಳನ್ನು ತಿರುಗಿಸುತ್ತಿದ್ದ ಆ ತಂತಿ ನೌಕರರನ್ನು ಒಂದು ಕ್ಷಣ ನೆನೆಯಲಿ. ಅಂಥ ಕಾಯಕನಿಷ್ಠೆ ನಮ್ಮ ಶಾಲೆಯ ಅಂಗಳದಲ್ಲಿಯೂ ಬೆಳೆದು ಫಲವೀಯಲಿ ಎಂದು ಶ್ರೀ ಗುರುಬಸವನನ್ನು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.